ಮುತ್ಲಾದಾಚೆಯ ಚಳಿ, ನವಿಲಿನ ಬ್ಲಾಂಕೆಟ್

ಕುವೈತ್ ಅಂದ ಕೂಡಲೇ ಊರಿನವರಿಗೆ ನೆನಪಾಗುವುದು ಬಿಸಿಲು. "ಅಲ್ಲಿ ಕಾರಿನ ಬಾನೆಟ್ಟಿನ ಮೇಲೆ ಮೊಟ್ಟೆ ಒಡೆದರೆ ಆಮ್ಲೆಟ್ ಆಗ್ತದಂತೆ, ಹೌದಾ?" ಅಂತ ಕೇಳದವರಿಲ್ಲ. ಸೇಸಪ್ಪನೂ ಎಷ್ಟೋ ವರ್ಷ ಇದಕ್ಕೆ ಹೌದು ಹೌದು ಅಂತ ತಲೆಯಾಡಿಸಿಕೊಂಡೇ ಬಂದವನು. ಕಫೀಲನ, ಅಂದರೆ ವೀಸಾ ಕೊಟ್ಟ ಅರಬಿ ಧಣಿಯ, ಪೇಟೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಒಲೆಯ ಬುಡದಲ್ಲೇ ಬದುಕಿದವನಿಗೆ, ಆ ದೇಶಕ್ಕೂ ಒಂದು ಉತ್ತರ ದಿಕ್ಕು ಉಂಟು, ಅಲ್ಲಿ ಜನವರಿಯಲ್ಲಿ ಕ್ಯಾನಿನ ನೀರಿನ ಮೇಲೆ ಹಾಲಿಗೆ ಕೆನೆ ಕಟ್ಟಿದ ಹಾಗೆ ಮಂಜುಗಡ್ಡೆ ಕಟ್ಟುತ್ತದೆ ಅಂತ ಯಾರು ಹೇಳಬೇಕು? ಹೇಳಿದ್ದರೂ ನಂಬುತ್ತಿರಲಿಲ್ಲ ಬಿಡಿ.

ಅದು ತೊಂಬತ್ತನೆಯ ಇಸವಿಯ ಶುರುವಿನ ಚಳಿಗಾಲ. ಅದೇ ವರ್ಷ ಆಗಸ್ಟಿನಲ್ಲಿ ಇರಾಕಿನವರು ನುಗ್ಗಿ ಆದ ದೊಡ್ಡ ಗಲಾಟೆ ಇನ್ನೂ ಯಾರ ಕನಸಿನಲ್ಲೂ ಇರಲಿಲ್ಲ. ಚಳಿ ಶುರುವಾಯಿತೆಂದರೆ ಕುವೈತಿನವರಿಗೆ ಮರುಭೂಮಿಯ ಹುಚ್ಚು ಹಿಡಿಯುತ್ತದೆ. ಬಂಗಲೆ, ಸೋಫಾ, ಬಿಸಿನೀರಿನ ನಲ್ಲಿ ಎಲ್ಲ ಬಿಟ್ಟು ದೂರ ಹೋಗಿ ಡೇರೆ ಹಾಕಿ ಮರಳಿನ ಮೇಲೆ ಕೂತುಕೊಳ್ಳುವುದು! ಇದ್ದ ಸುಖ ಸಾಲದು ಅಂತ ಕಷ್ಟವನ್ನು ಹುಡುಕಿಕೊಂಡು ಹೋಗುವ ಜನರನ್ನು ಸೇಸಪ್ಪ ಅಲ್ಲಿಯೇ ಮೊದಲು ಕಂಡದ್ದು. ಪ್ರತಿವರ್ಷ ಡೇರೆಯ ಅಡುಗೆಗೆ ಹೋಗುತ್ತಿದ್ದ ಪಠಾಣ ರಜೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. "ಸೇಸಪ್ಪಾ, ಯಲ್ಲಾ, ಹೊರಡು, ಈ ವರ್ಷ ನೀನು," ಅಂದ ಕಫೀಲ್. ಜಹ್ರಾ ದಾಟಿ, ಮುತ್ಲಾ ದಿಬ್ಬ ಹತ್ತಿ ಇಳಿದು, ಡಾಂಬರು ಬಿಟ್ಟು ಒಳಗೊಳಗೆ ಹೋದರೆ ನಾಲ್ಕು ಡೇರೆ, ಒಂದು ತಗಡಿನ ಕ್ಯಾಬಿನ್, ಒಂದಷ್ಟು ಆಡು, ಒಂದು ಜನರೇಟರ್. ಸುತ್ತ ನೋಡಿದರೆ ಆಕಾಶ ಬಿಟ್ಟು ಬೇರೆ ನೆಂಟರಿಲ್ಲ.

ಕಫೀಲ್ ಸಂಸಾರ ಸಮೇತ ಗುರುವಾರ ಬಂದು ಶುಕ್ರವಾರ ಹೋಗುವವನು. ಉಳಿದ ದಿನ ಎಲ್ಲ ಕಾಯಲಿಕ್ಕೆ ಇದ್ದವರು ಇಬ್ಬರೇ. ಮೂಲ್ಕಿ ಕಡೆಯ ಸೇಸಪ್ಪ, ಅಡುಗೆಗೆ. ಉಳ್ಳಾಲದ ಬ್ಯಾರಿ ಉಮ್ಮರ್ ಕುಂಞಿ, ಪಿಕಪ್ ಓಡಿಸಲಿಕ್ಕೆ, ನೀರು ತರಲಿಕ್ಕೆ, ಮತ್ತೆ ದಿನವಿಡೀ ಸೇಸಪ್ಪನನ್ನು ತಮಾಷೆ ಮಾಡಲಿಕ್ಕೆ. ಉಮ್ಮರ್ ಪ್ರಾಯದಲ್ಲಿ ಸಣ್ಣವನು, ಆದರೆ ಈ ಚಳಿಯಲ್ಲಿ ಹಳೆ ಹುಲಿ. ಅವನಿಗೆ ಇದು ಆರನೆಯದೋ ಏಳನೆಯದೋ ಚಳಿಗಾಲ.

ಮೊದಲ ವಾರವೇ ಸೇಸಪ್ಪನ ತಲೆ ಕೆಟ್ಟು ಮೊಸರಾಯಿತು. ಬೆಳಿಗ್ಗೆ ಎದ್ದು ತಲೆಗೆ ಹಾಕಲು ತೆಂಗಿನೆಣ್ಣೆಯ ಬಾಟ್ಲಿ ಬಗ್ಗಿಸಿದರೆ ಒಂದು ತೊಟ್ಟು ಬೀಳಲಿಲ್ಲ. ಒಳಗೆ ಮೇಣದ ಹಾಗೆ ಬೆಳ್ಳಗೆ ಗಟ್ಟಿ. ಅವನು ಬಾಟ್ಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತ. ಉಮ್ಮರ್ ಹಲ್ಲುಜ್ಜುತ್ತಾ ಬಂದು ನೋಡಿ, "ಎಂತ ಸೇಸಪ್ಪಣ್ಣ, ಜ್ವರ ನೋಡುವುದಾ? ಆ ಥರ್ಮಾಮೀಟರ್ ಸ್ವಲ್ಪ ದೊಡ್ಡದಾಯ್ತಲ್ಲ ಮಾರಾಯ್ರೆ," ಅಂದ.

ಆಮೇಲೆ ದೋಸೆಯ ಹಿಟ್ಟಿನ ಕತೆ. ಕಫೀಲನ ತಾಯಿಗೆ ಸೇಸಪ್ಪನ ಉದ್ದಿನ ದೋಸೆ ಅಂದರೆ ಪ್ರಾಣ. ಶುಕ್ರವಾರ ಬೆಳಿಗ್ಗೆ ದೋಸೆ ಆಗಲೇಬೇಕು. ಊರಿನಲ್ಲಾದರೆ ಸಂಜೆ ಕಡೆದಿಟ್ಟ ಹಿಟ್ಟು ಬೆಳಗ್ಗೆ ಪಾತ್ರೆಯಿಂದ ಉಕ್ಕಿ ನೆಲಕ್ಕೆ ಹರಿದು ಬೈಗಳು ತಿನ್ನಿಸುತ್ತದೆ. ಇಲ್ಲಿ? ಇಟ್ಟದ್ದು ಇಟ್ಟ ಹಾಗೇ, ಸತ್ತ ಹಾಗೆ ಬಿದ್ದಿತ್ತು. ಸಕ್ಕರೆ ಹಾಕಿದ, ಹುಳಿ ಮೊಸರು ಹಾಕಿದ, ಬೈದ, ದಮ್ಮಯ್ಯ ಹಾಕಿದ. ಕೊನೆಗೆ ಪಾತ್ರೆಗೆ ತನ್ನ ಹಳೆಯ ಲುಂಗಿ ಸುತ್ತಿ, ಮಗ್ಗುಲಲ್ಲಿ ಹಾಕಿಕೊಂಡು ತಬ್ಬಿಕೊಂಡೇ ಮಲಗಿದ. ಹಿಟ್ಟು ಹುಳಿ ಬಂತು, ಸುಳ್ಳಲ್ಲ. ಆದರೆ ಉಮ್ಮರನ ಬಾಯಿ ಮುಚ್ಚುವುದು ಯಾರು? "ಆಶಾಲತಕ್ಕನಿಗೆ ಫೋನ್ ಮಾಡಿ ಹೇಳ್ತೇನೆ, ನಿಮ್ಮ ಗಂಡ ಇಲ್ಲಿ ಇನ್ನೊಂದು ಸಂಸಾರ ಮಾಡಿದ್ದಾರೆ, ಹೆಂಡತಿ ಸ್ವಲ್ಪ ದಪ್ಪ, ಬೆಳ್ಳಗೆ ಇದ್ದಾಳೆ ಅಂತ!"

ನರಿ ಬಂದು ಎಡಗಾಲಿನ ಚಪ್ಪಲಿಯನ್ನೇ ಕದ್ದುಕೊಂಡು ಹೋಗುತ್ತಿತ್ತು. ಹತ್ತಿರ ಬೀಡು ಬಿಟ್ಟಿದ್ದ ಮರುಭೂಮಿಯಲ್ಲೇ ಅಲೆದು ಬದುಕುವ ಒಬ್ಬ ಬದೂ ಅಜ್ಜನ ಒಂಟೆಗಳು ಬಂದು ಹಗ್ಗದ ಮೇಲೆ ಒಣ ಹಾಕಿದ ಬನಿಯನ್ನುಗಳನ್ನು ಮೇಯುತ್ತಿದ್ದವು. ಸೇಸಪ್ಪ ಬಿರಿಯಾನಿಯ ದೊಡ್ಡ ಪಾತ್ರೆ ಕವುಚಿ ಹಾಕಿ ಕಬ್ಬಿಣದ ಸೌಟಿನಿಂದ ಢಣಢಣ ಬಡಿದು ಓಡಿಸುತ್ತಿದ್ದ. ಒಂದು ದಿನ ಅಜ್ಜ ಪಿಕಪ್ಪಿನಲ್ಲಿ ಬಂದು ಕೋಲು ಎತ್ತಿ ಅರಬಿಯಲ್ಲಿ ಕೂಗಾಡಿದ. ಅವನ ಗಬ್ಬದ ಒಂಟೆ ಹೆದರಿದೆಯಂತೆ, ಇನ್ನೊಮ್ಮೆ ಪಾತ್ರೆ ಬಡಿದರೆ ಪಾತ್ರೆಯ ಜೊತೆ ಸೇಸಪ್ಪನನ್ನೂ ಬಡಿಯುತ್ತಾನಂತೆ. ಉಮ್ಮರ್ ಇದನ್ನು ತುಳುವಿಗೆ ತಿರುಗಿಸಿ ಹೇಳುವಾಗ ನಗು ತಡೆಯಲಾರದೆ ಮರಳಿನಲ್ಲಿ ಕೂತುಬಿಟ್ಟ.

ನಗಲಿಕ್ಕೆ ಇದೆಲ್ಲ ಸರಿ. ಆದರೆ ಸಂಜೆಯಾದರೆ ನಗು ಎಲ್ಲಿ ಹೋಗುತ್ತಿತ್ತೋ. ಇರಾಕಿನ ಕಡೆಯಿಂದ ಬೀಸುವ ಗಾಳಿ ಎಲುಬಿಗೆ ಹೊಕ್ಕರೆ ಬೆಳಗಿನವರೆಗೆ ಹೊರಗೆ ಬರುವುದಿಲ್ಲ. ಸೇಸಪ್ಪ ಎರಡು ಪ್ಯಾಂಟು, ಇದ್ದಬದ್ದ ಅಂಗಿಗಳೆಲ್ಲ, ತಲೆಗೆ ಟವೆಲಿನಂಥ ಬೈರಾಸು, ಕಾಲಿಗೆ ಪ್ಲಾಸ್ಟಿಕ್ ಚೀಲ, ಹೀಗೆ ಎಲ್ಲ ಕಟ್ಟಿಕೊಂಡು ಮಲಗಿದರೂ ಹಲ್ಲು ಕಟಕಟ. ಡೇರೆಯ ತೆಳು ಹೊದಿಕೆ ಹೊದ್ದರೂ ಒಂದೇ, ಬಿಟ್ಟರೂ ಒಂದೇ.

ಇಷ್ಟೆಲ್ಲ ಒದ್ದಾಟದ ನಡುವೆ, ಇಬ್ಬರೂ ಮಲಗುವ ಕ್ಯಾಬಿನಿನಲ್ಲಿ ಅವನ ತಲೆಯ ಮೇಲಿನ ಹಲಗೆಯಲ್ಲೇ, ಹೊಚ್ಚ ಹೊಸ ಕೊರಿಯಾ ಬ್ಲಾಂಕೆಟ್ಟೊಂದು ಪ್ಲಾಸ್ಟಿಕ್ ಕವರಿನೊಳಗೆ ಹಾಯಾಗಿ ಮಲಗಿತ್ತು.

ಗಲ್ಫಿನಿಂದ ಬರುವ ಬ್ಲಾಂಕೆಟ್ಟನ್ನು ನೋಡದವರು ನಮ್ಮ ಕರಾವಳಿಯಲ್ಲಿ ಯಾರಿದ್ದಾರೆ? ಬೆರಳು ಹುಗಿದರೆ ಒಳಗೇ ಹೋಗುವಷ್ಟು ದಪ್ಪ. ಒಬ್ಬ ಎತ್ತಿದರೆ ಸೊಂಟ ಉಳುಕಬೇಕು. ಊರಿನಲ್ಲಿ ಬರೀ ಬೈರಾಸು ಹೊದ್ದರೂ ಬೆವರು ಹರಿಯುತ್ತದೆ. ಹಾಗಿರುವಾಗ ಅದನ್ನು ಯಾರು ಹೊದೆಯುತ್ತಾರೆ? ಯಾರೂ ಇಲ್ಲ. ಕವರಿನ ಝಿಪ್ ತೆಗೆಯದೆ ಕಪಾಟಿನ ಮೇಲೆ ಇಡುವುದು, ಮನೆಗೆ ಬಂದವರ ಕಣ್ಣಿಗೆ ಬೀಳುವ ಹಾಗೆ. ಅಷ್ಟೇ ಅದರ ಉದ್ಯೋಗ. ಝಿಪ್ ತೆಗೆದರೆ ಅದು ಹಳತಾಯಿತು, ಉಡುಗೊರೆಯಲ್ಲ.

ಸೇಸಪ್ಪನ ಮಗಳು ಅಶ್ಮಿತಾಳಿಗೆ ಮೇ ತಿಂಗಳಲ್ಲಿ ಮದುವೆ. ಕಿನ್ನಿಗೋಳಿಯ ಹುಡುಗ, ಒಳ್ಳೆಯ ಜನ, ಇಂಥದ್ದು ಬೇಕು ಅಂತ ಬಾಯಿಬಿಟ್ಟವರಲ್ಲ. ಹುಡುಗನ ತಾಯಿ ಮಾತ್ರ ಹೊರಡುವಾಗ ಅಂಗಳದಲ್ಲಿ ನಿಂತು, "ನಮ್ಮ ಮನೆಯಲ್ಲಿ ಗಲ್ಫಿನವರು ಯಾರೂ ಇಲ್ಲ, ಒಂದು ಬ್ಲಾಂಕೆಟ್ ನೋಡುವ ಯೋಗವೂ ಇಲ್ಲ," ಅಂತ ನಕ್ಕಿದ್ದರಂತೆ. ಆಶಾಲತಾ ಫೋನಿನಲ್ಲಿ ಇದನ್ನು ಹೇಳಿ, "ಬೇರೆ ಎಂತ ತರದಿದ್ದರೂ ಅಡ್ಡಿಲ್ಲ, ಅದೊಂದು ತನ್ನಿ. ನಾನು ಆಗ್ಲೇ ನಾಲ್ಕು ಜನರ ಹತ್ರ ಹೇಳಿ ಆಗಿದೆ. ನನ್ನ ಮರ್ಯಾದೆ ತೆಗೀಬೇಡಿ," ಅಂದಿದ್ದಳು. ಸೇಸಪ್ಪ ಪೇಟೆಗೆ ಹೋಗಿ, ಅಂಗಡಿಯವನ ತಾಳ್ಮೆ ಪರೀಕ್ಷೆ ಮಾಡಿ, ಗರಿಬಿಚ್ಚಿದ ನವಿಲು ಇರುವ ಒಂದನ್ನು ಆರಿಸಿದ್ದ. ಪೇಟೆಯ ರೂಮಿನಲ್ಲಿ ಬಿಟ್ಟು ಬಂದರೆ ಯಾರಾದರೂ ಹೊದ್ದುಬಿಟ್ಟಾರು ಅಂತ ಮರುಭೂಮಿಗೇ ಹೊತ್ತುಕೊಂಡು ಬಂದ.

"ಸೇಸಪ್ಪಣ್ಣ, ಹೊಟ್ಟೆಗಿಲ್ಲದೆ ಸಾಯುವವನ ತಲೆದಿಂಬಿನ ಒಳಗೆ ಅಕ್ಕಿ ತುಂಬಿಸಿಟ್ಟ ಹಾಗಾಯ್ತು ನಿಮ್ಮ ಕತೆ," ಅನ್ನುತ್ತಿದ್ದ ಉಮ್ಮರ್. "ಒಂದು ದಿನ ತೆಗೀರಿ. ಇಬ್ಬರೂ ಹೊದೆಯುವ. ಆಮೇಲೆ ಮಡಚಿ ಇಟ್ಟರೆ ಕಿನ್ನಿಗೋಳಿಯವರಿಗೆ ಕನಸು ಬೀಳ್ತದಾ?"

"ಬಾಯಿ ಮುಚ್ಚು ಬ್ಯಾರಿ. ಅದು ನನ್ನ ಮಗಳ ಮರ್ಯಾದೆ. ಹೊದೆಯುವ ವಸ್ತು ಅಲ್ಲ."

"ಅದು ಸರಿ," ಅಂತ ಉಮ್ಮರ್ ತಟ್ಟನೆ ಮೆತ್ತಗಾಗುತ್ತಿದ್ದ. ಅವನಿಗೂ ಹಸೀಬಾ ಅಂತ ಮಗಳಿದ್ದಳು, ಗಂಡು ನೋಡುತ್ತಿದ್ದರು.

ಆ ಸೋಮವಾರದ ಮಳೆ ಬೆಳಗಿನ ಜಾವವೇ ಶುರುವಾಯಿತು. ಮರುಭೂಮಿಯ ಮಳೆಯನ್ನು ಸೇಸಪ್ಪ ಕೇವಲವಾಗಿ ಮಾತಾಡುತ್ತಿದ್ದ, ನಮ್ಮ ಆಷಾಢ ಎಲ್ಲಿ, ಇದೆಲ್ಲಿ ಅಂತ. ಆದರೆ ನಮ್ಮ ಮಳೆ ಹರಿದು ಹೋಗುತ್ತದೆ. ಇಲ್ಲಿ ಬಿದ್ದ ನೀರು ಬಿದ್ದಲ್ಲೇ ನಿಂತು, ಗಟ್ಟಿ ನೆಲ ಸಾಬೂನಿನ ಹಾಗೆ ಜಾರತೊಡಗಿತು. ಜೊತೆಗೆ ಗಾಳಿ. ದೊಡ್ಡ ಡೇರೆ ಒಮ್ಮೆ ಉಬ್ಬಿ, ಗೂಟ ಕಿತ್ತು, ಹಾಸಿಗೆ ರತ್ನಗಂಬಳಿ ಹೊದಿಕೆಗಳ ಮೇಲೆಯೇ ಮಗುಚಿ ಬಿತ್ತು. ಜನರೇಟರಿನ ಹೊಂಡಕ್ಕೆ ನೀರು ನುಗ್ಗಿ ಅದೊಂದು ಸಲ ಕೆಮ್ಮಿ ನಿಂತಿತು. ಖಲಾಸ್. ಇದ್ದ ಒಂದು ಕರೆಂಟಿನ ಹೀಟರೂ ಸತ್ತಿತು.

ಉಮ್ಮರ್ ಗುದ್ದಲಿ ಹಿಡಿದು ಮಳೆಯಲ್ಲೇ ಕ್ಯಾಬಿನಿನ ಸುತ್ತ ನೀರು ಹರಿಯುವ ಕಣಿ ತೋಡಿದ, ಆಡುಗಳನ್ನು ಎತ್ತರಕ್ಕೆ ಅಟ್ಟಿದ. ಹಿಂದಿನ ದಿನವಷ್ಟೇ ಹುಟ್ಟಿದ ಒಂದು ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಂದು ಕ್ಯಾಬಿನಿನ ಮೂಲೆಯಲ್ಲಿ ಬಿಟ್ಟ. ಎಲ್ಲ ಮುಗಿಸಿ ಒಳಗೆ ಬರುವಾಗ ಅವನ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡ. ಮಂಚವೇ ಅಲ್ಲಾಡುವ ಹಾಗೆ ನಡುಕ. ತಮಾಷೆ ಇಲ್ಲ, ಬೈಗಳಿಲ್ಲ. ಅವನು ಸುಮ್ಮನಾದದ್ದು ನೋಡಿಯೇ ಸೇಸಪ್ಪ ಹೆದರಿದ.

ಆಸ್ಪತ್ರೆಗೆ ಹೋಗುವ ಅಂದರೆ ಹೇಗೆ? ಪಿಕಪ್ ಉಂಟು, ಆದರೆ ಡ್ರೈವರನಿಗೇ ಜ್ವರ. ಸೇಸಪ್ಪನಿಗೆ ಸೈಕಲ್ ಬಿಟ್ಟರೆ ಬೇರೆ ಗೊತ್ತಿಲ್ಲ. ಕಫೀಲ್ ಬರುವುದು ಗುರುವಾರ. ಫೋನು ಜಹ್ರಾದಲ್ಲಿ.

ಅವನು ತನ್ನ ಸ್ವೆಟರ್ ತೆಗೆದು ಉಮ್ಮರನಿಗೆ ಹಾಕಿದ. ಒಣಗಿದ ಗೋಣಿಚೀಲಗಳನ್ನು ಹೊದೆಸಿದ. ತನ್ನ ಪ್ಯಾಂಟು, ಲುಂಗಿ, ಬೈರಾಸು, ಎಲ್ಲ ಒಂದರ ಮೇಲೊಂದು ಹೇರಿದ. ಡೇರೆಯ ಹೊದಿಕೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುಕ ನಿಲ್ಲಲಿಲ್ಲ. ಉಮ್ಮರ್ ಕಣ್ಣು ಮುಚ್ಚಿಕೊಂಡು, "ಬೀಫಾತಿಮಾ, ಬಾಗಿಲು ಹಾಕು," ಅಂತ ಹೆಂಡತಿಯ ಹತ್ತಿರ ಮಾತಾಡತೊಡಗಿದ. ಆ ಇಡೀ ಬೀಡಿನಲ್ಲಿ ದಪ್ಪಗೆ, ಒಣಗಿಕೊಂಡು ಉಳಿದಿದ್ದ ಹೊದಿಕೆ ಅಂದರೆ ಒಂದೇ.

ಸೇಸಪ್ಪ ಅಕ್ಕಿ ಮೂಟೆಯ ಮೇಲೆ ಹತ್ತಿ ನಿಂತ. ಹಲಗೆಯ ಮೇಲೆ ಕೈ ಚಾಚಿದ. ಝಿಪ್ ಕೈಗೆ ಸಿಕ್ಕಿತು. ಕರ್ರ್ ಅಂತ ಒಂದು ಗೇಣು ಎಳೆದ. ಹೊಸ ಬ್ಲಾಂಕೆಟ್ಟಿನ ಆ ಪರಿಮಳ ಮೂಗಿಗೆ ಬಡಿಯಿತು, ಅದರ ಜೊತೆಗೇ ಆಶಾಲತಾಳ ದನಿ, ಕಿನ್ನಿಗೋಳಿಯ ಅಂಗಳ, ನಾಲ್ಕು ಜನ. ಜ್ವರದ ಬೆವರು, ಆಡಿನ ವಾಸನೆ, ಕೆಸರು. ಇನ್ನೊಂದು ತರುವ ಶಕ್ತಿ ಈ ವರ್ಷ ಇಲ್ಲ. ಅವನು ಹಾಗೇ ನಿಂತ. ಆಗ ಇನ್ನೊಂದು ಉಪಾಯ ತಲೆಗೆ ಹೊಳೆಯಿತು. ಹೊಳೆದದ್ದೇ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಝಿಪ್ಪನ್ನು ಕರ್ರ್ ಅಂತ ತಿರುಗಿ ಎಳೆದು ಮುಚ್ಚಿ ಕೆಳಗಿಳಿದ.

ಅಶ್ಮಿತಾ ಹುಟ್ಟಿದಾಗ ಅತ್ತೆ ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುತ್ತಿದ್ದರು. ಬೆಳ್ಳುಳ್ಳಿ ಸಿಪ್ಪೆ, ಓಮ ಉದುರಿಸಿ, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ. ಮಳೆಗಾಲದ ತಂಡಿಯಲ್ಲೂ ಒಳಗೆ ಬೆಚ್ಚಗೆ, ತಾಯಿ ಮಗು ಎರಡೂ ಗುಂಡುಕಲ್ಲಿನ ಹಾಗೆ ಎದ್ದು ಬಂದವು. ಅದಕ್ಕಿಂತ ಬೇಕಾ? ಬ್ಲಾಂಕೆಟ್ ಎಂತದಕ್ಕೆ?

ಅಡುಗೆ ಡೇರೆಯಲ್ಲಿ ಕಬಾಬಿನ ಇದ್ದಲಿತ್ತು. ಸೇಸಪ್ಪ ಕೈಪಳಗಿದ ಅಡುಗೆಯವನು. ಇದ್ದಲನ್ನು ಅಡುಗೆ ಡೇರೆಯಲ್ಲೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಆಗುವವರೆಗೆ ಕಾದು, ಆಮೇಲೆಯೇ ಅಗ್ಗಿಷ್ಟಿಕೆಗೆ ತುಂಬಿ ಒಳಗೆ ತಂದು ಮಂಚದ ಕೆಳಗಿಟ್ಟ. ಕಣ್ಣುರಿ ಬರುವ ಒಂದು ಎಳೆ ಹೊಗೆಯಿಲ್ಲ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ. ಬಾಗಿಲಿನ ಅಡಿಗೆ ಗೋಣಿ ಒತ್ತಿದ. ಸ್ವಲ್ಪ ಓಮವನ್ನೂ ಉದುರಿಸಿದ. ಮೂಲೆಯ ಆಡಿನ ಮರಿಯನ್ನು ಎತ್ತಿ ತಂದು ಕೆಂಡದ ಹತ್ತಿರ ಮಲಗಿಸಿದ, ಅದೂ ಬೆಚ್ಚಗಿರಲಿ ಪಾಪ ಅಂತ.

ಊರಿನ ಮನೆಯ ಮಾಡಿಗೆ ಹಂಚು, ಹಂಚಿನ ನಡುವೆ ಸಾವಿರ ಸಂದಿ, ಬಾಗಿಲು ಮುಚ್ಚಿದರೂ ಆ ಮನೆ ಮೇಲಿನಿಂದ ಉಸಿರಾಡುತ್ತಿತ್ತು. ಇದು ತಗಡಿನ ಡಬ್ಬಿ. ಅದು ಅವನಿಗೆ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಕ್ಯಾಬಿನ್ ಬೆಚ್ಚಗಾಯಿತು. ಎಷ್ಟೋ ವಾರಗಳ ಮೇಲೆ ಸೇಸಪ್ಪನ ಬೆರಳುಗಳು ಬಿಡಿಸಿಕೊಂಡವು. ಉಮ್ಮರನ ನಡುಕ ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಮುಖಕ್ಕೆ ಕೆಂಪು ಬಂತು. ಸೇಸಪ್ಪ ತೊಡೆ ತಟ್ಟಿಕೊಂಡ. "ನೋಡಿದ್ಯಾ ಬ್ಯಾರಿ? ಬಾಣಂತಿ ಆರೈಕೆ ನಿನಗೂ ಆಯ್ತು. ಹೇಳ್ತೇನೆ ಇರು ಜಹ್ರಾದಲ್ಲಿ ಎಲ್ಲರ ಹತ್ರ." ಉಮ್ಮರ್ ಉತ್ತರ ಕೊಡಲಿಲ್ಲ. ನಿದ್ದೆ ಬರಲಿ, ಒಳ್ಳೆಯದೇ ಅಂದುಕೊಂಡ. ಅವನಿಗೂ ಜೊಂಪು ಹತ್ತುತ್ತಿತ್ತು, ತಲೆ ಸ್ವಲ್ಪ ಭಾರ. ಹಲಗೆಯ ಮೇಲೆ ನೋಡಿದ. ನವಿಲು ಪ್ಲಾಸ್ಟಿಕ್ಕಿನೊಳಗೆ ಕ್ಷೇಮವಾಗಿತ್ತು.

ಅವನನ್ನು ಎಬ್ಬಿಸಿದ್ದು ಗಂಜಿ. ಉಮ್ಮರನಿಗೆ ಅಂತ ಅಡುಗೆ ಡೇರೆಯಲ್ಲಿ ಗ್ಯಾಸಿನ ಮೇಲೆ ಗಂಜಿ ಇಟ್ಟು ಬಂದದ್ದು ನೆನಪಾಯಿತು. ಅಡಿ ಹಿಡಿದರೆ? ಇಷ್ಟು ವರ್ಷದಲ್ಲಿ ಒಂದು ಪಾತ್ರೆ ಅಡಿ ಹಿಡಿಸಿದವನಲ್ಲ. ಎದ್ದು ನಿಂತರೆ ಮೊಣಕಾಲು ಅವನದ್ದೇ ಅಲ್ಲದ ಹಾಗೆ ಮಡಚಿತು. ಗೋಡೆ ಹಿಡಿದು ಬಾಗಿಲು ತಳ್ಳಿ ಹೊರಗೆ ಕಾಲಿಟ್ಟ. ಗಾಳಿ ಮುಖಕ್ಕೆ ಬಡಿದದ್ದೇ ತಡ, ಕೆಸರಿನಲ್ಲಿ ಮಂಡಿಯೂರಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ. ತಲೆ ಇಬ್ಭಾಗವಾಗುವಂಥ ನೋವು. ಮಳೆ ತಲೆಯ ಮೇಲೆ ಬೀಳುತ್ತಿದ್ದ ಹಾಗೆ ಒಂದೊಂದೇ ಗೊತ್ತಾಗತೊಡಗಿತು. ನನಗೆ ಜ್ವರವಿಲ್ಲ. ನಾನು ಎಂತದೂ ತಿಂದಿಲ್ಲ. ಮತ್ತೆ ಯಾಕೆ ಹೀಗೆ? ಒಳಗೆ ಎಂತದೋ ಉಂಟು.

ತೆವಳಿಕೊಂಡೇ ತಿರುಗಿ ಹೋದ. ಬಾಗಿಲು ಹಾರು ಹೊಡೆದ. ಕೆಂಡದ ಪಕ್ಕ ಆಡಿನ ಮರಿ ಕಾಲು ಚಾಚಿ ಮಲಗಿತ್ತು. ಮುಟ್ಟಿದರೆ ಕತ್ತು ಜೋತುಬಿತ್ತು. "ಉಮ್ಮರೇ! ಏ ಉಮ್ಮರ್!" ಕೆನ್ನೆಗೆ ಹೊಡೆದ. ಉಮ್ಮರನ ತಲೆ ಆ ಕಡೆ ಈ ಕಡೆ ಹೋಯಿತು ಅಷ್ಟೇ. "ದಮ್ಮಯ್ಯ ಮಾರಾಯಾ, ಕಣ್ಣು ಬಿಡು! ನಾನು ಎಂತ ಮಾಡಿದೆ, ದೇವರೇ, ನಾನು ಎಂತ ಮಾಡಿದೆ!" ಸೇಸಪ್ಪ ಗಟ್ಟಿಯಾಗಿ ಅಳುತ್ತಿದ್ದ. ಅಳುತ್ತಲೇ ಉಮ್ಮರನ ಕಂಕುಳಿಗೆ ಕೈ ಹಾಕಿ, ಹೇರಿದ ಬಟ್ಟೆಗಳೆಲ್ಲ ಉದುರಿ ಹೋಗುತ್ತಿದ್ದ ಹಾಗೆ, ದರದರ ಎಳೆದು ಹೊರಗೆ ತಂದು, ಮಳೆ ತಾಗದ ಹಾಗೆ ಪಿಕಪ್ಪಿನ ಮರೆಗೆ ಒರಗಿಸಿದ.

ಒಳಗೆ ಬೆಚ್ಚಗಿದ್ದರೆ ವಿಷ. ಹೊರಗೆ ಗಾಳಿ ಉಂಟು, ಆದರೆ ಈ ಚಳಿಯಲ್ಲಿ ಜ್ವರದವನು ಎಷ್ಟು ಹೊತ್ತು ಉಳಿದಾನು? ಸೇಸಪ್ಪ ಉಸಿರು ಕಟ್ಟಿಕೊಂಡು ಒಳಗೆ ಓಡಿದ. ಮೂಟೆ ಹತ್ತಲಿಲ್ಲ, ಹಲಗೆಯನ್ನೇ ಕಿತ್ತು ಕೆಡವಿದ. ಝಿಪ್ ಎಳೆದರೆ ಅರ್ಧದಲ್ಲಿ ಕಚ್ಚಿಕೊಂಡಿತು. ಹಲ್ಲಿನಿಂದ ಕವರನ್ನು ಹರಿದ. ಹೊರಗೆ ಎಳೆದು ತಂದದ್ದೇ ನವಿಲು ಕೆಸರಿನ ಮೇಲೆ ಗರಿ ಬಿಚ್ಚಿ ಬಿತ್ತು. ಅದರಲ್ಲಿ ಉಮ್ಮರನನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಮೂಗು ಮಾತ್ರ ಹೊರಗೆ ಬಿಟ್ಟ.

ಆಮೇಲೆ ಬಿರಿಯಾನಿಯ ಪಾತ್ರೆ ಕವುಚಿ ಹಾಕಿ ಬಡಿಯತೊಡಗಿದ. ಸೌಟಿನ ಹಿಡಿ ಕಿತ್ತುಬಂತು. ಗುದ್ದಲಿಯಲ್ಲಿ ಬಡಿದ. ಒಂಟೆ ಓಡಿಸಲು ಬಡಿದದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಕೈಯ ಚರ್ಮ ಸುಲಿದು ಹಿಡಿಕೆ ಜಾರುತ್ತಿತ್ತು. ಕೊನೆಗೂ ಆ ಬದೂ ಅಜ್ಜನ ಪಿಕಪ್ ಕೆಸರು ಹಾರಿಸುತ್ತಾ ಬಂತು. ಅಜ್ಜ ಕೋಲು ಎತ್ತಿಕೊಂಡೇ ಇಳಿದ, ಈ ದಿನ ಇವನನ್ನು ಬಿಡುವುದಿಲ್ಲ ಅಂತ. ಬ್ಲಾಂಕೆಟ್ಟಿನ ಒಳಗಿದ್ದ ಮುಖ ನೋಡಿದ, ತೆರೆದ ಬಾಗಿಲಿನೊಳಗಿನ ಕೆಂಡ ನೋಡಿದ. ಕೋಲು ಎಸೆದು, "ಯಲ್ಲಾ! ಯಲ್ಲಾ!" ಅಂತ ಉಮ್ಮರನ ಕಾಲು ಹಿಡಿದ.

ಜಹ್ರಾದ ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಹಾಕಿದರು. ಮಿಸ್ರಿ ಡಾಕ್ಟರು, ಈಜಿಪ್ಟಿನವರು, ಸೇಸಪ್ಪನನ್ನು ಕೂರಿಸಿ ಹರಕು ಹಿಂದಿಯಲ್ಲಿ ಬೈದರು. ಮುಚ್ಚಿದ ರೂಮಿನಲ್ಲಿ ಕೆಂಡವಾ? ಕಾಣುವುದಿಲ್ಲ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ. ಪ್ರತಿ ಚಳಿಗಾಲ ಹೀಗೆ ಸಾಯುವವರಿದ್ದಾರೆ. ಸೇಸಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ಮರುದಿನ ಉಮ್ಮರ್ ಕಣ್ಣು ಬಿಟ್ಟ. ಮೊದಲು ಕಂಡದ್ದು ಎದೆಯ ಮೇಲಿದ್ದ ನವಿಲು, ಕೆಸರು ಮೆತ್ತಿ ಕಾಗೆಯ ಹಾಗಾಗಿತ್ತು. ಆಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡು ಕೂತ ಸೇಸಪ್ಪನನ್ನು ನೋಡಿದ.

"ಎಂತ ಮಾರಾಯ್ರೆ," ಅಂದ, ದನಿ ಇಷ್ಟೇ. "ಅಶ್ಮಿತಾಳದ್ದಲ್ವಾ ಇದು?"

ಸೇಸಪ್ಪ ಅದರ ಅಂಚನ್ನು ಎಳೆದು ಅವನಿಗೆ ಸರಿಯಾಗಿ ಹೊದೆಸಿದ.

ಜಹ್ರಾದಲ್ಲಿ ಬಕಾಲ, ಅಂದರೆ ದಿನಸಿ ಅಂಗಡಿ ಇಟ್ಟಿದ್ದ ಅಲಿಕುಂಞಿ, ಉಮ್ಮರನ ಹೆಂಡತಿಯ ಅಣ್ಣ, ಗಂಜಿ ತಂದ. ನಡೆದದ್ದೆಲ್ಲ ಕೇಳಿ ತಿಳಿದುಕೊಂಡಿದ್ದ ಉಮ್ಮರ್ ಅವನ ಹತ್ತಿರ ಹೇಳಿದ್ದೇನು? "ಕೆಂಡದ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ, ಹಣೆಬರಹ. ಆದ್ರೆ ಮಗಳ ಮದುವೆಯ ಬ್ಲಾಂಕೆಟ್ಟಿನ ಕವರು ಹರಿದು ನನಗೆ ಹೊದೆಸಿದ್ರು ನೋಡು. ಒಡಹುಟ್ಟಿದವರು ಮಾಡ್ತಾರಾ?" ಅಲಿಕುಂಞಿಯ ಬಾಯಿಗೆ ಬಿದ್ದ ಮಾತು ಜಹ್ರಾದ ಊರವರಿಗೆಲ್ಲ ಮುಟ್ಟಿತು. ಬಂದವರು ಒಬ್ಬೊಬ್ಬರೂ ಸೇಸಪ್ಪನ ಕೈ ಹಿಡಿದುಕೊಳ್ಳುವುದು, ನಿಮ್ಮಂಥವರಿರಬೇಕು ಅನ್ನುವುದು. ಒಂದೊಂದು ಹೊಗಳಿಕೆಗೂ ಅವನು ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಲ್ಲುತ್ತಿದ್ದ.

ಮಾರನೆಯ ಸಂಜೆ ಅಲಿಕುಂಞಿ ಹೊತ್ತುಕೊಂಡು ಬಂದದ್ದು ಒಂದು ಹೊಸ ಬ್ಲಾಂಕೆಟ್. ಝಿಪ್ ಹಾಕಿದ ಕವರು, ಒಳಗಿನಿಂದ ಒಂದು ಹುಲಿ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. "ನವಿಲು ಸಿಗ್ಲಿಲ್ಲ ಸೇಸಪ್ಪಣ್ಣ, ಹುಲಿ ತಂದಿದ್ದೇನೆ. ಬೀಗರು ಸ್ವಲ್ಪ ಹೆದರಿಕೊಂಡೇ ಇರ್ಲಿ." ಮಂಚದ ಬುಡದಲ್ಲಿಟ್ಟು ಅಂಗಡಿಗೆ ಹೊತ್ತಾಯಿತು ಅಂತ ಹೊರಟೇ ಹೋದ.

ಇಬ್ಬರೇ ಉಳಿದರು. ಸೇಸಪ್ಪ ಹುಲಿಯನ್ನು ನೋಡಿದ. ಎತ್ತಿ ಉಮ್ಮರನ ಕಾಲ ಬಳಿ ತಳ್ಳಿದ.

"ಇದು ನನಗೆ ಬೇಡ. ಹಸೀಬಾಳ ಮದುವೆಗೆ ಇಡು."

"ಎಂತ ನಾಟಕ ಮಾರಾಯ್ರೆ? ತೆಕೊಳ್ಳಿ."

"ಬೇಡ ಅಂದ್ನಲ್ಲ!" ಸೇಸಪ್ಪನ ದನಿ ಏರಿತು, ಏರಿದ್ದು ಹಾಗೇ ಒಡೆಯಿತು. "ನಿನಗೆ ಗೊತ್ತಿಲ್ಲ ಉಮ್ಮರ್. ನಾನು ಕೆಂಡ ಇಟ್ಟದ್ದು ಯಾಕೆ ಗೊತ್ತುಂಟಾ? ಬ್ಲಾಂಕೆಟ್ ಉಳೀಲಿ ಅಂತ. ನೀನು 'ಬೀಫಾತಿಮಾ' ಅಂತ ಬಡಬಡಿಸ್ತಾ ಇದ್ದೆ. ನಾನು ಹಲಗೆಗೆ ಕೈ ಹಾಕಿದವ..."

"ಝಿಪ್ ತೆಗೆದ್ರಿ," ಅಂದ ಉಮ್ಮರ್.

ಸೇಸಪ್ಪ ತಲೆಯೆತ್ತಿದ.

"ತೆಗೆದದ್ದು ಕೇಳಿತು. ಈಗ ಬೆಚ್ಚಗಾಗ್ತದೆ ಅಂತ ಕಾದೆ." ಉಮ್ಮರ್ ಮಾಡಿನ ಕಡೆ ನೋಡುತ್ತಾ ಹೇಳಿದ. "ತಿರುಗಿ ಹಾಕಿದ್ದೂ ಕೇಳಿತು. ಕಣ್ಣು ಬಿಡ್ಲಿಕ್ಕೆ ಆಗ್ಲಿಲ್ಲ, ಕಿವಿ ಸರಿ ಇತ್ತು."

ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ಸೇಸಪ್ಪ ಪಟ್ಟಿ ಕಟ್ಟಿದ ಕೈಗಳಿಂದ ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ, "ಮತ್ತೆ ಎಲ್ಲರ ಹತ್ರ ಯಾಕೆ ಹಾಗೆ ಹೇಳಿದಿ?" ಅಂತ ಕೇಳಿದ.

"ಹೇಳದೆ ಎಂತ ಮಾಡ್ಲಿ? ಕೊನೆಗೆ ಹರಿದದ್ದು ಸುಳ್ಳಾ?" ಉಮ್ಮರ್ ನವಿಲಿನ ಗರಿಯ ಮೇಲಿನ ಕೆಸರನ್ನು ಉಗುರಿನಿಂದ ಕೆರೆದ. "ಸಿಟ್ಟು ಬಂದಿತ್ತು ಸೇಸಪ್ಪಣ್ಣ. ಎಚ್ಚರ ಆದಾಗ ಮೊದಲು ಬಂದದ್ದು ಸಿಟ್ಟೇ. ಆಮೇಲೆ ಯೋಚನೆ ಮಾಡಿದೆ. ಅದು ಹಸೀಬಾಳದ್ದು ಆಗಿ, ಮಂಚದಲ್ಲಿ ನೀವಿದ್ದಿದ್ರೆ..."

"ಇದ್ದಿದ್ರೆ?"

"ನಾನು ಝಿಪ್ಪಿಗೆ ಕೈಯೇ ಹಾಕ್ತಿರ್ಲಿಲ್ಲ."

ಸೇಸಪ್ಪ ಅವನ ಮುಖ ನೋಡಿದ. ಉಮ್ಮರ್ ನಗುತ್ತಿರಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನೋಡಿಕೊಂಡು ಕಣ್ಣೊರೆಸಿಕೊಂಡರು.

"ಆಡಿನ ಮರಿ?" ಅಂದ ಉಮ್ಮರ್.

"ಹೋಯ್ತು."

"ಪಾಪ," ಅಂದ. ಅಂಗಿಯೊಳಗೆ ಹಾಕಿಕೊಂಡು ಬಂದದ್ದು ಅವನೇ ಅಲ್ಲವಾ.

ಕತ್ತಲಾಗುತ್ತಾ ಬಂತು. ಸೇಸಪ್ಪ ಎದ್ದು ಹೋಗಿ ಆಸ್ಪತ್ರೆಯ ಕಿಟಕಿಯನ್ನು ಒಂದು ಗೇಣು ತೆರೆದು ಬಂದು ಕೂತ. ಉತ್ತರದ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಮಲಯಾಳಿ ಸಿಸ್ಟರ್ ಓಡಿಬಂದು, ಯಾರದು ಕಿಟಕಿ ತೆಗೆದದ್ದು, ಪೇಷಂಟಿಗೆ ಚಳಿಯಾಗುವುದಿಲ್ಲವಾ ಅಂತ ಗದರಿಸಿದಳು. ಸೇಸಪ್ಪ ಅಡ್ಡ ನಿಂತ. ಮುಚ್ಚಲು ಬಿಡಲಿಲ್ಲ. ಅವಳು ಅವನನ್ನೂ, ಕೆಸರು ಹಿಡಿದ ಆ ಬ್ಲಾಂಕೆಟ್ಟನ್ನೂ ಸೇರಿಸಿ ಬೈಯತೊಡಗಿದಳು.

ಉಮ್ಮರ್ ನವಿಲನ್ನು ಗಲ್ಲದವರೆಗೆ ಎಳೆದುಕೊಂಡ.

"ಇರ್ಲಿ ಬಿಡಿ ಸಿಸ್ಟರ್," ಅಂದ. "ನನ್ನ ಹತ್ರ ಬ್ಲಾಂಕೆಟ್ ಉಂಟು."